ಕೈಗಡಿಯಾರಕ್ಕೆ ತಕ್ಕಡಿ ಇಲ್ಲ

ಕಳೆದ ತಿಂಗಳು ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಸಿಕ್ಕಿದರು. ಚೆಂಡುಹೂ, ಅರಿಶಿನ ಬೆಳೆಯುವ ರೈತ. ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಮಗಳು ಈ ವರ್ಷ ದ್ವಿತೀಯ ಪಿಯುಸಿ. ಕುಶಲ ವಿಚಾರಿಸಿದ ಮೇಲೆ ಅವರು ದನಿ ತಗ್ಗಿಸಿ ಕೇಳಿದರು:

"ಮೇಷ್ಟ್ರೇ, ನಮ್ಮ ಹುಡುಗ ವಾಚ್ ತಗೋತೀನಿ ಅಂತಾನೆ. ನಾಲ್ಕು ಲಕ್ಷವಂತೆ! ಅದ್ರಲ್ಲಿ ಅರ್ಧ ಸಾಲ. ದಂಡ ಅಲ್ಲಪ್ಪಾ, ಐದು ವರ್ಷ ಬಿಟ್ಟು ಮಾರಿದ್ರೆ ಕೊಂಡದ್ದಕ್ಕಿಂತ ಜಾಸ್ತಿ ಬತ್ತದೆ, ಚಿನ್ನ ಇದ್ದಂಗೆ ಅಂತಾನೆ. ನೀವು ಸೈನ್ಸ್ ಓದಿದೋರು, ನಿಜವಾ? ಮಗಳ ಕಾಲೇಜು ಫೀಸಿಗೆ ನಾನು ಅವನನ್ನೇ ನಂಬ್ಕಂಡಿವ್ನಿ."

ಬಸ್ ಬಂತು. ಮುಂದಿನ ಭಾನುವಾರ ಮಗ ಊರಿಗೆ ಬಂದಾಗ ಮನೆಗೆ ಕಳಿಸಿ ಎಂದು ಹೇಳಿ ಹತ್ತಿದೆ. ದಾರಿಯುದ್ದಕ್ಕೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆಂದರೆ ವಾಚಿನ ಮರುಮಾರಾಟದ ಬೆಲೆ ಎಷ್ಟೆಂಬುದನ್ನು ನಾನು ಇಪ್ಪತ್ಮೂರನೆಯ ವಯಸ್ಸಿನಲ್ಲೇ ಕಣ್ಣಾರೆ ಕಂಡವನು.

ನನ್ನ ತಂದೆ ಹಳ್ಳಿ ಹಳ್ಳಿ ಸುತ್ತುವ ಪೋಸ್ಟ್‌ಮ್ಯಾನ್ ಆಗಿದ್ದರು. 1983ರಲ್ಲಿ ಮೈಸೂರಿಗೆ ಹೋಗಿ 360 ರೂಪಾಯಿ ಕೊಟ್ಟು ಒಂದು ಎಚ್‌ಎಂಟಿ ಪೈಲಟ್ ವಾಚ್ ತಂದರು. ಕಪ್ಪು ಮುಖ, ಬಿಳಿ ಅಂಕಿ, ದಿನಕ್ಕೊಮ್ಮೆ ಕೀ ಕೊಡಬೇಕು. ಬೆಳಿಗ್ಗೆ ಆಕಾಶವಾಣಿಯ ವಾರ್ತೆಗೆ ಮೊದಲು ಬರುವ 'ಪೀಂ ಪೀಂ' ಸದ್ದಿಗೆ ಸರಿಯಾಗಿ ಮುಳ್ಳು ಹೊಂದಿಸುವುದು ಅವರ ಸಂಧ್ಯಾವಂದನೆ. 1993ರಲ್ಲಿ ನನಗೆ ಮೈಸೂರಿನಲ್ಲಿ ಬಿ.ಎಡ್. ಸೀಟು ಸಿಕ್ಕಿತು, ಫೀಸಿಗೆ ಹಣ ಸಾಲಲಿಲ್ಲ. ಅಪ್ಪ ನನ್ನನ್ನು ಕರೆದುಕೊಂಡು ಗಿರವಿ ಅಂಗಡಿಗೆ ಹೋದರು. ಅಮ್ಮನ ಓಲೆಯನ್ನು ಅಂಗಡಿಯವರು ಒರೆಗೆ ಹಚ್ಚಿ, ತಕ್ಕಡಿಗೆ ಹಾಕಿ, ಅರ್ಧ ನಿಮಿಷದಲ್ಲಿ ಬೆಲೆ ಹೇಳಿದರು. ವಾಚನ್ನು ಮಾತ್ರ ಕಿವಿಗೆ ಹಿಡಿದು, ತಿರುಗಿಸಿ ನೋಡಿ, "ನೂರು ರೂಪಾಯಿ" ಎಂದರು. "ನಡೀತಾ ಇದೆಯಲ್ಲ ಸ್ವಾಮಿ?" ಎಂದು ಅಪ್ಪ ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ನಡೀತದೆ. ಆದರೆ ನಾಳೆ ಇದನ್ನು ಕೇಳೋರು ಯಾರು?"

ಆ ಮಾತಿನ ಹಿಂದೆ ಒಂದು ಇತಿಹಾಸವೇ ಇತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿಯ ವಾಚ್ ಕಾರ್ಖಾನೆ ಆರಂಭವಾಯಿತು. ಮುಂದೆ ತುಮಕೂರಿನಲ್ಲೂ ಆಯಿತು. ಜನತಾ, ಪೈಲಟ್, ಸೋನಾ, ಕೊಹಿನೂರ್, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು. ಕಾಂಚನ್ ವಾಚ್ ಕೊಡದೆ ಮದುವೆಯ ಮಾತೇ ಮುಂದುವರಿಯದ ಕಾಲವೊಂದಿತ್ತು. ಅಂಗಡಿಯಲ್ಲಿ ಸಿಗದೆ ಹೆಚ್ಚಿಗೆ ಹಣ ಕೊಟ್ಟು ತಂದವರನ್ನು ನಾನೇ ಬಲ್ಲೆ. ಆ ದಿನ ಕಾಂಚನ್ ಕೊಂಡು ಮರುದಿನ ಮಾರಿದ್ದರೆ ಖಂಡಿತ ಲಾಭವಾಗುತ್ತಿತ್ತು. ಆದರೆ 1987ರಲ್ಲಿ ಪಕ್ಕದ ಹೊಸೂರಿನಿಂದ ಟೈಟನ್ ಕಂಪನಿಯ ಕ್ವಾರ್ಟ್ಸ್ ವಾಚುಗಳು ಬಂದವು. ತೆಳು, ಅಂದ, ಕೀ ಕೊಡುವ ಗೋಜಿಲ್ಲ. ಅಪ್ಪನ ವಾಚು ಕೆಟ್ಟಿರಲಿಲ್ಲ. ಅದನ್ನು ಬಯಸುವವರು ಕಡಿಮೆಯಾಗಿದ್ದರು.

ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ವಿಜ್ಞಾನವನ್ನೂ ಗಮನಿಸಬೇಕು. ಕೀಲಿ ವಾಚಿನಲ್ಲಿ ಸುರುಳಿ ಸುತ್ತಿದ ಸ್ಪ್ರಿಂಗ್‌ನ ಶಕ್ತಿ ಹಲ್ಲುಗಾಲಿಗಳ ಮೂಲಕ ಹರಿದು, ಬ್ಯಾಲೆನ್ಸ್ ಚಕ್ರವನ್ನು ಅತ್ತಿತ್ತ ತೂಗಿಸುತ್ತದೆ. ಗಂಟೆಗೆ 18,000 ಬಡಿತದ ವಾಚು ದಿನಕ್ಕೆ 4,32,000 ಸಲ, ವರ್ಷಕ್ಕೆ 15 ಕೋಟಿ 76 ಲಕ್ಷಕ್ಕೂ ಹೆಚ್ಚು ಸಲ 'ಟಿಕ್' ಎನ್ನುತ್ತದೆ. ಅಷ್ಟು ಓಡಿದ ಮೇಲೆ ಎಣ್ಣೆ ಒಣಗುತ್ತದೆ, ಲೋಹ ಸವೆಯುತ್ತದೆ. ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಲೇಬೇಕು. ಕ್ವಾರ್ಟ್ಸ್ ವಾಚಿನಲ್ಲಿ ಪುಟ್ಟ ಸ್ಫಟಿಕದ ತುಣುಕು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಏಕೆ? ಅದನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋಗಿ, ಸರಿಯಾಗಿ ಒಂದು ಉಳಿಯುತ್ತದೆ! ಆ ಒಂದೇ ನಮ್ಮ ಸೆಕೆಂಡು. ಪರಿಣಾಮವಾಗಿ ಸಂತೆಯಲ್ಲಿ ಸಿಗುವ ಕೆಲವು ನೂರು ರೂಪಾಯಿಯ ಕ್ವಾರ್ಟ್ಸ್ ವಾಚು ಲಕ್ಷಗಟ್ಟಲೆ ಬೆಲೆಯ ಕೀಲಿ ವಾಚಿಗಿಂತ ನಿಖರ. ಬಂಡೀಪುರದ ಚೆಕ್‌ಪೋಸ್ಟಿನಲ್ಲಿ ರಾತ್ರಿ 9ಕ್ಕೆ ಗೇಟು ಹಾಕುವ ಮೊದಲು ದಾಟಲು ಲಾರಿ ಓಡಿಸುವ ಚಾಲಕನಿಗೆ (ಅಲ್ಲಿ 2009ರಿಂದ ರಾತ್ರಿ ಸಂಚಾರ ನಿಷೇಧವಿದೆ) ಆ ಅಗ್ಗದ ವಾಚೇ ಸಾಕು. ಅಂದರೆ ದುಬಾರಿ ವಾಚಿಗೆ ಕೊಡುವ ಹಣ ಸಮಯ ನೋಡುವುದಕ್ಕಾಗಿ ಅಲ್ಲ. ಕುಶಲ ಕೆಲಸಕ್ಕೆ, ಹೆಸರಿಗೆ, ಅಪರೂಪಕ್ಕೆ.

ಹಾಗಾದರೆ ಹುಡುಗ ಹೇಳಿದ್ದು ಪೂರ್ತಿ ಸುಳ್ಳೇ? ಅಲ್ಲ. ರೋಲೆಕ್ಸ್, ಪಟೆಕ್ ಫಿಲಿಪ್ ಮುಂತಾದ ಸ್ವಿಸ್ ಕಂಪನಿಗಳ ಕೆಲವೇ ಮಾದರಿಗಳಿಗೆ ಬೇಡಿಕೆ ಹೆಚ್ಚು, ತಯಾರಿಕೆ ಕಡಿಮೆ. ಅಂಥವು ಅಂಗಡಿಯ ಬೆಲೆಗಿಂತ ಹೆಚ್ಚಿಗೆ ಮಾರಾಟವಾದದ್ದುಂಟು. ಹಾಲಿವುಡ್ ನಟ ಪಾಲ್ ನ್ಯೂಮನ್‌ಗೆ ಆತನ ಪತ್ನಿ ಕೊಡಿಸಿದ್ದ ರೋಲೆಕ್ಸ್ ಡೇಟೋನಾ ವಾಚು 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು. ಇದರಲ್ಲಿ ಒಂದು ತಮಾಷೆಯಿದೆ. ಆ ಬಗೆಯ ಡಯಲಿನ ವಾಚುಗಳು ಹೊಸದಾಗಿ ಬಂದಾಗ ಅಂಗಡಿಗಳಲ್ಲಿ ಕೊಳ್ಳುವವರಿಲ್ಲದೆ ಬಿದ್ದಿದ್ದವು. ಆಗ ಯಾರಿಗೂ ಬೇಡವಾಗಿದ್ದುದರಿಂದಲೇ ಮುಂದೆ ಅಪರೂಪವಾದವು. ಇದನ್ನು ಮೊದಲೇ ಊಹಿಸಿ ಕೊಳ್ಳುವುದು ಹೇಗೆ?

ಇಂಥ ಒಂದು ಸುದ್ದಿ ನಮ್ಮ ಕಣ್ಣಿಗೆ ಬೀಳುತ್ತದೆ. ಕೊಂಡ ದಿನವೇ ಬೆಲೆ ಕಳೆದುಕೊಂಡ ಉಳಿದ ವಾಚುಗಳು ಸುದ್ದಿಯಾಗುವುದಿಲ್ಲ. ಬಹುತೇಕ ದುಬಾರಿ ವಾಚುಗಳ ಪಾಡು ಅದೇ. ಕೊಳ್ಳುವಾಗ ತೆರಿಗೆ, ಅಂಗಡಿಯ ಲಾಭ ಎಲ್ಲ ಸೇರಿರುತ್ತದೆ. ಮಾರುವಾಗ ಅದನ್ನು ಯಾರೂ ಹಿಂದಿರುಗಿಸುವುದಿಲ್ಲ. ಕಂಪನಿಯ ಡಬ್ಬಿ, ಕಾಗದ ಕಳೆದರೆ ಬೆಲೆ ಇಳಿಯುತ್ತದೆ. ಗೀರು ಬಿದ್ದಿದೆಯೆಂದು ಉಜ್ಜಿ ಹೊಳಪು ಕೊಡಿಸಿದರೂ ಇಳಿಯುತ್ತದೆ! ಹಿತ್ತಾಳೆ ಪಾತ್ರೆಯನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ ಬೆಳೆದ ನಮಗೆ ಇದು ಅರ್ಥವಾಗುವುದೇ ಕಷ್ಟ. ಕೋವಿಡ್ ಕಾಲದಲ್ಲಿ ಹಳೆಯ ಸ್ವಿಸ್ ವಾಚುಗಳ ಬೆಲೆ ಒಂದೇ ಸಮನೆ ಏರಿ 2022ರ ಆರಂಭದಲ್ಲಿ ತುತ್ತತುದಿ ಮುಟ್ಟಿತು, ಬಳಿಕ ಜಾರಿತು. ಏರುವುದನ್ನು ನೋಡಿ ಕೊನೆಗೆ ಕೊಂಡವರೇ ಹೆಚ್ಚು ಪೆಟ್ಟು ತಿಂದರು.

ಭಾನುವಾರ ಹುಡುಗ ಬಂದ. ಬಿಸಿ ಕಾಫಿ ಕುಡಿಯುತ್ತಾ ಹಳೆಯ ರಫ್ ಪುಸ್ತಕದಲ್ಲಿ ಲೆಕ್ಕ ಹಾಕಿದೆವು. ನಾಲ್ಕು ಲಕ್ಷವನ್ನು ಶೇಕಡಾ 7ರ ಚಕ್ರಬಡ್ಡಿಗೆ ಇಟ್ಟರೆ ಐದು ವರ್ಷಕ್ಕೆ ಸುಮಾರು 5 ಲಕ್ಷ 60 ಸಾವಿರ. ಅಂದರೆ ವಾಚು ಅಷ್ಟಕ್ಕೆ ಮಾರಾಟವಾದರೂ ಲಾಭವೇನೂ ಇಲ್ಲ. ಸಾಲದ ಬಡ್ಡಿ, ನಡುವೆ ಸರ್ವೀಸಿನ ಖರ್ಚು ಬೇರೆ. ಆಮೇಲೆ ಅಪ್ಪನ ವಾಚಿನ ಲೆಕ್ಕ. ಆ 360 ರೂಪಾಯಿಯನ್ನು ಶೇಕಡಾ 8ಕ್ಕೆ ಬಿಟ್ಟಿದ್ದರೆ? 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗುವ ವರ್ಷ ಸಿಗುತ್ತದೆ: ಒಂಬತ್ತು. 36 ವರ್ಷದಲ್ಲಿ ನಾಲ್ಕು ಸಲ ಇಮ್ಮಡಿ, 2019ಕ್ಕೆ 5,760. ಚಿನ್ನ ಕೊಂಡಿದ್ದರೆ ಆಗಿನ ದರಕ್ಕೆ ಹೆಚ್ಚುಕಡಿಮೆ 2 ಗ್ರಾಂ. 10 ಗ್ರಾಂ ಚಿನ್ನ ಲಕ್ಷ ದಾಟಿದ 2025ರಲ್ಲಿ ಅದು ಇಪ್ಪತ್ತು ಸಾವಿರಕ್ಕೂ ಮೇಲು. ಒಡವೆಯಾದರೆ ಮಜೂರಿ ಹೋಗುತ್ತದೆ, ನಿಜ. ಆದರೂ ತೂಕ ಉಳಿಯುತ್ತದೆ. ಚಾಮರಾಜನಗರದಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂರುವ ನನ್ನ ಪರಿಚಯದ ರಿಪೇರಿಯವರು ಆ ವಾಚಿಗೆ ಹೇಳಿದ ಬೆಲೆ ಎರಡು ಸಾವಿರ.

"ಅಷ್ಟಾದರೂ ಹೇಗೆ ಬಂತು ಸಾರ್?" ಎಂದ ಹುಡುಗ. ಒಳ್ಳೆಯ ಪ್ರಶ್ನೆ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿದಾಗಲೇ, ಅಲ್ಲಿಯವರೆಗೆ ಮರೆತಿದ್ದ ಜನ ಕೊಳ್ಳಲು ಮುಗಿಬಿದ್ದರು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಸಂಸ್ಥೆಗೆ ಹೋಯಿತು. ಹಳೆಯ ವಾಚಿಗೆ ಹೊಸ ಬಣ್ಣದ ಡಯಲ್ ಹಾಕಿ ಅಸಲಿಯೆಂದು ಮಾರುವವರೂ ಹುಟ್ಟಿಕೊಂಡರು. ನೂರಕ್ಕೆ ಇಳಿದದ್ದು ಎರಡು ಸಾವಿರಕ್ಕೆ ಏರಿದ್ದು ಹೀಗೆ.

ಹುಡುಗ ಬಹಳ ಹೊತ್ತು ಪುಸ್ತಕವನ್ನೇ ನೋಡುತ್ತಿದ್ದ. ಆಮೇಲೆ, "ಲೆಕ್ಕ ಸರಿ ಸಾರ್. ಆದ್ರೆ ನಂಗೆ ಆ ವಾಚು ಇಷ್ಟ" ಎಂದ. ಅವನ ಪ್ರಾಮಾಣಿಕತೆ ನನಗೆ ಹಿಡಿಸಿತು. "ಹಾಗಾದರೆ ಇಷ್ಟ ಅಂತಲೇ ಅಪ್ಪನಿಗೆ ಹೇಳು. ಚಿನ್ನ ಇದ್ದಂಗೆ ಅನ್ನಬೇಡ. ಸಾಲ ಮಾಡಬೇಡ, ತಂಗಿಯ ಫೀಸು ಕಟ್ಟಿದ ಮೇಲೆ ಉಳಿದ ದುಡ್ಡಲ್ಲಿ ತಗೋ" ಎಂದೆ. ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಕಾಲೇಜು ಸೇರುವುದು ಜೂನ್ ಹೊತ್ತಿಗೆ; ನೋಡೋಣ.

ಹೊರಡುವಾಗ ಅಪ್ಪನ ವಾಚು ನೋಡಬೇಕೆಂದ. 1993ರಲ್ಲಿ ಅಮ್ಮನ ಓಲೆ ಬಿಡಿಸಿಕೊಳ್ಳಲಾಗದೆ ಹರಾಜಾಯಿತು. ವಾಚನ್ನು ಅಪ್ಪ ಅಂದೇ ಗಿರವಿ ಇಡದೆ ಜೇಬಿಗೆ ಹಾಕಿಕೊಂಡು ವಾಪಸು ತಂದಿದ್ದರು. ನೂರು ರೂಪಾಯಿಗೆ ಒಪ್ಪದೆ ಅಲ್ಲ. ಮರುದಿನ ಡ್ಯೂಟಿಗೆ ಅದು ಬೇಕಿತ್ತು. ಈಗ ಅದು ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ. ಹುಡುಗ ಕೀ ಕೊಟ್ಟು ಕಿವಿಗೆ ಹಿಡಿದ.