ಜಪಾನಿನ ಊಟದ ತಟ್ಟೆಯೂ ಗಂಡಸಿಯ ಅಕ್ಕಡಿ ಸಾಲೂ

ಜಪಾನೀಯರ ಊಟವೆಂದರೆ ಅನ್ನ ಮತ್ತು ಹಸಿ ಮೀನು ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಆದರೆ ಆ ದೇಶದ ಅಡುಗೆಮನೆಯನ್ನು ಬೇಸಾಯಗಾರನ ಕಣ್ಣಿನಿಂದ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಬೆಟ್ಟಗುಡ್ಡಗಳೇ ಹೆಚ್ಚಾಗಿರುವ, ಸಾಗುವಳಿಗೆ ಸಿಗುವ ಭೂಮಿ ಕಡಿಮೆಯಿರುವ ಆ ನಾಡಿನಲ್ಲಿ ರೈತರು ತುಂಡು ಭೂಮಿಯಲ್ಲಿ ಹತ್ತಾರು ಬಗೆಯ ಕಾಳು, ಗೆಡ್ಡೆ, ಸೊಪ್ಪು, ಧಾನ್ಯಗಳನ್ನು ಬೆಳೆದರು. ಹೊಲದಲ್ಲಿದ್ದ ವೈವಿಧ್ಯವೇ ತಟ್ಟೆಗೆ ಬಂದಿತು. ಅರಸೀಕೆರೆ ತಾಲ್ಲೂಕಿನ ಗಂಡಸಿ ಹೋಬಳಿಯ ರೈತರಿಗೆ ಇದರಲ್ಲಿ ಕಲಿಯಬೇಕಾದ ಪಾಠವೂ ಇದೆ, ಎಚ್ಚರಿಕೆಯೂ ಇದೆ.

ಒಂದು ಸಾರು, ಮೂರು ವ್ಯಂಜನ

ಜಪಾನಿನ ಮನೆಯೂಟದ ಹಳೆಯ ಕ್ರಮ ಸರಳವಾದುದು. ಒಂದು ಬಟ್ಟಲು ಅನ್ನ, ಒಂದು ಸಾರು, ಮೂರು ಬಗೆಯ ವ್ಯಂಜನ, ಜೊತೆಗೆ ಸ್ವಲ್ಪ ಉಪ್ಪಿನಕಾಯಿ. ಪ್ರಮಾಣ ಕಡಿಮೆ, ಬಗೆ ಹೆಚ್ಚು. 1985ರಲ್ಲಿ ಅಲ್ಲಿಯ ಸರ್ಕಾರ ಹೊರಡಿಸಿದ ಆಹಾರ ಸೂಚನೆಯಲ್ಲಿ ದಿನಕ್ಕೆ 30 ಬಗೆಯ ಆಹಾರ ಪದಾರ್ಥಗಳನ್ನು ತಿನ್ನಬೇಕೆಂದು ಹೇಳಲಾಗಿತ್ತು. ಅಷ್ಟು ಬಗೆ ತಿನ್ನಲು ಹೋಗಿ ಜನ ಹೆಚ್ಚು ತಿನ್ನಬಾರದೆಂಬ ಯೋಚನೆಯೂ ಬಂದು, 2000ದಲ್ಲಿ ಈ ಸಂಖ್ಯೆಯನ್ನು ಕೈಬಿಡಲಾಯಿತು. ವೈವಿಧ್ಯ ಬೇಕೆಂಬ ಮೂಲ ಮಾತು ಮಾತ್ರ ಉಳಿದಿದೆ. 2013ರಲ್ಲಿ ಈ ಊಟದ ಪದ್ಧತಿಯನ್ನು ಯುನೆಸ್ಕೊ ಸಂಸ್ಥೆ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದು ಕಾಳು, ಆರು ರೂಪ

ಸೋಯಾ ಅವರೆಯನ್ನೇ ನೋಡೋಣ. ಹಸಿಯಾಗಿದ್ದಾಗ ಕಾಯಿ ಸಮೇತ ಉಪ್ಪುನೀರಿನಲ್ಲಿ ಬೇಯಿಸಿ ಸುಲಿದು ತಿನ್ನುತ್ತಾರೆ, ಇದು ಎದಮಾಮೆ. ಒಣಗಿದ ಕಾಳನ್ನು ನೆನೆಸಿ, ರುಬ್ಬಿ, ಕಾಯಿಸಿ, ಹಾಲು ತೆಗೆದು ಒಡೆಸಿದರೆ ತೋಫು. ಬೇಯಿಸಿದ ಕಾಳನ್ನು ಬ್ಯಾಕ್ಟೀರಿಯದಿಂದ ಹುದುಗಿಸಿದರೆ ಅಂಟಂಟಾದ ನಾಟೊ. ಅಕ್ಕಿ ಅಥವಾ ಬಾರ್ಲಿಯ ಮೇಲೆ ಬೆಳೆಸಿದ ಬೂಸ್ಟನ್ನೂ ಉಪ್ಪನ್ನೂ ಸೇರಿಸಿ ತಿಂಗಳುಗಟ್ಟಲೆ ಮಾಗಿಸಿದರೆ ಸಾರಿಗೆ ಹಾಕುವ ಮಿಸೊ. ಗೋಧಿಯೊಡನೆ ಹುದುಗಿಸಿ ಹಿಂಡಿದರೆ ಸೋಯಾ ರಸ. ಹುರಿದು ಪುಡಿ ಮಾಡಿದರೆ ಕಿನಾಕೊ. ಒಂದೇ ಕಾಳು ಆರು ರೂಪದಲ್ಲಿ ವರ್ಷವಿಡೀ ಮನೆಯಲ್ಲಿರುತ್ತದೆ.

ನಮ್ಮ ಅವರೆ ಇದಕ್ಕೇನೂ ಕಡಿಮೆಯಲ್ಲ. ಸೊಗಡಿನ ಹಸಿಕಾಯಿ, ಕಾಳಿನ ಸಾರು, ಹಿತಕಿದ ಬೇಳೆ, ಉಪ್ಪಿಟ್ಟಿಗೆ ಬೆರೆಸಿದ ಕಾಳು, ಒಣಕಾಳು, ಹುರಿದ ಕಾಳು ಎಂದು ಎಣಿಸಿದರೆ ಇಲ್ಲಿಯೂ ಆರು ರೂಪಗಳು ಸಿಗುತ್ತವೆ. ಹಾಗೆಯೇ ಜಪಾನಿನ ಬಡ ಗುಡ್ಡದ ಮಣ್ಣಿನಲ್ಲಿ ಸುಮಾರು ಎರಡೂವರೆ ತಿಂಗಳಿಗೆ ಬರುವ ಬಕ್‌ವೀಟ್ ಎಂಬ ಬೆಳೆಯ ಹಿಟ್ಟಿನಿಂದ ಶಾವಿಗೆಯಂತಹ ಸೋಬಾ ಮಾಡುತ್ತಾರೆ. ಅದನ್ನು ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ, ಊಟದ ಕೊನೆಗೆ ಕುಡಿಯುತ್ತಾರೆ. ಹುರುಳಿ ಬೇಯಿಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸ ಮಾತಲ್ಲ.

ಕುಡಿಯುವ ಧಾನ್ಯ

ಪಾನೀಯಗಳಲ್ಲಿ ಹಬೆಯಲ್ಲಿ ಬಾಡಿಸಿ ಒಣಗಿಸಿದ ಹಸಿರು ಚಹಾ ಮತ್ತು ಅಕ್ಕಿಯಿಂದ ಮಾಡುವ ಸಾಕೆ ಎಂಬ ಮದ್ಯ ಹೆಸರಾದವು. ಆದರೆ ರೈತರ ಗಮನಕ್ಕೆ ಬರಬೇಕಾದವು ಇನ್ನೆರಡು. ಬಾರ್ಲಿಯನ್ನು ಕಂದು ಬಣ್ಣ ಬರುವಂತೆ ಹುರಿದು ನೀರಿನಲ್ಲಿ ಕುದಿಸಿ, ಆರಿಸಿ, ಬೇಸಿಗೆಯಲ್ಲಿ ಕುಡಿಯುವುದು ಮುಗಿಚಾ. ಅನ್ನಕ್ಕೆ ಬೂಸ್ಟು ಬೆಳೆಸಿದ ಅಕ್ಕಿಯನ್ನು ಬೆರೆಸಿ 55ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ರಾತ್ರಿಯಿಡೀ ಇಟ್ಟರೆ, ಸಕ್ಕರೆ ಹಾಕದೆಯೇ ಸಿಹಿಯಾಗುವ ಗಂಜಿ ಅಮಾಜಾಕೆ. ಬೂಸ್ಟಿನಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಇದರ ಗುಟ್ಟು. ರಾಗಿಯನ್ನು ಮೊಳಕೆ ಬರಿಸಿದಾಗ ನಡೆಯುವುದೂ ಇದೇ ಕ್ರಿಯೆ. ಹೀಗಾಗಿ ಮೊಳಕೆ ರಾಗಿಯ ಅಂಬಲಿ ತೆಳ್ಳಗೂ ಸಿಹಿಯಾಗಿಯೂ ಇದ್ದು, ಮಕ್ಕಳಿಗೆ ಸುಲಭವಾಗಿ ಜೀರ್ಣವಾಗುತ್ತದೆ.

ಜಪಾನಿನಲ್ಲಿಯೂ ರಾಗಿ ಇತ್ತು

ನವಣೆ, ಬರಗು, ಊದಲಿನ ಜಾತಿಯ ಧಾನ್ಯಗಳು ಜಪಾನಿನ ಮಲೆಪ್ರದೇಶದ ಜನರ ಆಹಾರವಾಗಿದ್ದವು. ಅವುಗಳ ಜೊತೆಗೆ ನಮ್ಮ ರಾಗಿಯೂ ಇತ್ತು. ಅಲ್ಲಿ ಅದರ ಹೆಸರು ಶಿಕೋಕುಬಿಯೆ. ಹಾಕುಸಾನ್ ಬೆಟ್ಟದ ತಪ್ಪಲಿನ ಜನ ಇದನ್ನು ಕಮಾಶಿ ಎಂದು ಕರೆದು, ಹುರಿದು ಪುಡಿ ಮಾಡಿ ತಿನ್ನುತ್ತಿದ್ದರು. ಅಂದರೆ ನಮ್ಮ ಹುರಿಹಿಟ್ಟಿನ ನಂಟು ಅಷ್ಟು ದೂರದವರೆಗೆ ಇದೆ.

ಈಗ ಆ ಬೆಳೆ ಅಲ್ಲಿ ಹೆಚ್ಚುಕಡಿಮೆ ಕಣ್ಮರೆಯಾಗಿದೆ. ಅಕ್ಕಿ ಎಲ್ಲರಿಗೂ ಸಿಗುವಂತಾದಾಗ ಮೊದಲು ಕಿರುಧಾನ್ಯ ಹೋಯಿತು. ಬಳಿಕ ಬ್ರೆಡ್ಡು, ಮಾಂಸ, ಎಣ್ಣೆ ಹೆಚ್ಚಿ ಅಕ್ಕಿಯೂ ಹಿಂದೆ ಸರಿಯಿತು. 1962ರಲ್ಲಿ ಜಪಾನಿನಲ್ಲಿ ತಲಾ ವಾರ್ಷಿಕ ಅಕ್ಕಿ ಬಳಕೆ 118 ಕಿಲೋ ಇತ್ತು. ಈಗ ಸುಮಾರು 50 ಕಿಲೋಗೆ ಇಳಿದಿದೆ. ಹೆಚ್ಚುವರಿ ಅಕ್ಕಿಯನ್ನು ತಡೆಯಲು 1970ರ ಸುಮಾರಿನಿಂದ 2017ರವರೆಗೆ ಸರ್ಕಾರವೇ ಭತ್ತದ ವಿಸ್ತೀರ್ಣವನ್ನು ಕಡಿಮೆ ಮಾಡಿಸಿತು. 1965ರಲ್ಲಿ ಆಹಾರದ ಶಕ್ತಿಯಲ್ಲಿ ಶೇ. 73ರಷ್ಟು ಸ್ವಂತ ಬೆಳೆಯಿಂದ ಬರುತ್ತಿತ್ತು. ಈಗ ಅದು ಶೇ. 40ಕ್ಕಿಂತ ಕಡಿಮೆ. ಮಿಸೊ, ತೋಫುಗಳ ನಾಡು ತನಗೆ ಬೇಕಾದ ಸೋಯಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚನ್ನು ಹೊರಗಿನಿಂದ ತರುತ್ತದೆ. 2025ರಲ್ಲಿ ಅಕ್ಕಿಯ ಬೆಲೆ ವಿಪರೀತ ಏರಿ, ಸರ್ಕಾರ ತುರ್ತು ದಾಸ್ತಾನನ್ನು ಮಾರುಕಟ್ಟೆಗೆ ಬಿಡಬೇಕಾಯಿತು. ತಟ್ಟೆಯ ವೈವಿಧ್ಯ ಉಳಿದರೂ ಹೊಲದ ವೈವಿಧ್ಯ ಹೋದರೆ ಆಗುವುದು ಹೀಗೆ.

ಗಂಡಸಿಯಲ್ಲಿ ಏನು ಮಾಡಬಹುದು?

ಅರಸೀಕೆರೆ ತಾಲ್ಲೂಕು ಮಧ್ಯ ಒಣವಲಯಕ್ಕೆ ಸೇರಿದೆ. ಕೆಂಪು ಮಣ್ಣು, ನಂಬಲಾಗದ ಮಳೆ. ಇಲ್ಲಿ ತೆಂಗು ನಗದು ತರುವ ಬೆಳೆ, ರಾಗಿ ಹೊಟ್ಟೆಯ ಬೆಳೆ. ಕೊಬ್ಬರಿಯ ಬೆಲೆ ಬಿದ್ದ ವರ್ಷ, ಅಥವಾ ಬರದಿಂದ ಮರಗಳ ಸುಳಿ ಒಣಗಿದ ವರ್ಷ, ಅಂಗಡಿಯಿಂದಲೇ ಎಲ್ಲವನ್ನೂ ತರುವ ಮನೆಗೆ ಕಷ್ಟ ಇಮ್ಮಡಿಯಾಗುತ್ತದೆ. ರಾಗಿಯನ್ನೆಲ್ಲ ಮಾರಿ ಬರೀ ಅಕ್ಕಿಯನ್ನು ಉಣ್ಣುವ ಮನೆಯಲ್ಲಿ ಸುಣ್ಣದ ಅಂಶವೂ ಕಡಿಮೆಯಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದ್ದರೆ ಪಾಲಿಷ್ ಅಕ್ಕಿಯಲ್ಲಿ ಸುಮಾರು ಹತ್ತು ಮಿಲಿಗ್ರಾಂ ಮಾತ್ರ. ಆದುದರಿಂದ ರೈತರು ಈ ಕೆಳಗಿನ ಅಂಶಗಳನ್ನು ಅನುಸರಿಸುವುದು ಒಳ್ಳೆಯದು.

1. ಮನೆಯ ಪಾಲನ್ನು ಮೊದಲು ಎತ್ತಿಡಿ. ತಲಾ ದಿನಕ್ಕೆ 200 ಗ್ರಾಂನಂತೆ ಐದು ಜನರ ಕುಟುಂಬಕ್ಕೆ ವರ್ಷಕ್ಕೆ ಸುಮಾರು 365 ಕಿಲೋ ರಾಗಿ ಬೇಕು. ಎಕರೆಗೆ ಎಂಟು ಕ್ವಿಂಟಾಲ್ ಬರುವ ವರ್ಷದಲ್ಲಿ ಇದು ಅರ್ಧ ಎಕರೆಗೂ ಕಡಿಮೆ ಜಮೀನಿನ ಬೆಳೆ. ಉಳಿದುದನ್ನು ಮಾರಬಹುದು.

2. ಅಕ್ಕಡಿ ಸಾಲನ್ನು ಬಿಡಬೇಡಿ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಅಥವಾ ಎರಡು ಸಾಲು ತೊಗರಿ ಹಾಕಿ. ನಾಡ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಬಿಡುವುದರಿಂದ, ರಾಗಿ ಕೊಯ್ಲಾದ ನಂತರ ಇಬ್ಬನಿಯ ಕಾಲದಲ್ಲಿ ಹರಡಿ ಕಾಯಿ ಕಟ್ಟುತ್ತದೆ. ಹಾಗಾಗಿ ಎರಡು ಬೆಳೆಗಳ ನಡುವೆ ಪೈಪೋಟಿ ಕಡಿಮೆ. ನೀರಿನ ಅನುಕೂಲವಿದ್ದು ಬೇರೆ ಕಾಲದಲ್ಲಿ ಹಸಿಕಾಯಿ ಬೇಕಾದವರು ಹೆಬ್ಬಾಳದ ಎಚ್‌ಎ-3, ಎಚ್‌ಎ-4 ತಳಿಗಳನ್ನು ಬೆಳೆಯಬಹುದು.

3. ತೆಂಗಿನ ತೋಟದ ನಡುವಣ ಜಾಗವನ್ನು ಖಾಲಿ ಬಿಡಬೇಡಿ. ಎಳೆಯ ತೋಟಗಳಲ್ಲಿ ಮತ್ತು 25 ವರ್ಷ ದಾಟಿದ ತೋಟಗಳಲ್ಲಿ ಬಿಸಿಲು ನೆಲಕ್ಕೆ ಚೆನ್ನಾಗಿ ಬೀಳುತ್ತದೆ. ಬುಡದಿಂದ ಎರಡು ಮೀಟರ್ ಬಿಟ್ಟು ಹುರುಳಿ ಅಥವಾ ಅಲಸಂದೆ ಬಿತ್ತಿರಿ. ಕಾಳು ಮನೆಗೆ, ಹೊಟ್ಟು ದನಕ್ಕೆ, ಬೇರಿನ ಸಾರಜನಕ ಮಣ್ಣಿಗೆ ದೊರೆಯುತ್ತದೆ.

ಹುರಿಹಿಟ್ಟು ಮಾಡುವ ಕ್ರಮ

ಚೆನ್ನಾಗಿ ಕೇರಿ ಕಲ್ಲು ತೆಗೆದ ಒಂದು ಕಿಲೋ ಒಣ ರಾಗಿಗೆ ಸುಮಾರು 70 ಮಿಲಿಲೀಟರ್ ನೀರು ಚಿಮುಕಿಸಿ, ಕೈಯಿಂದ ಕಲಸಿ, ಮುಚ್ಚಿ ರಾತ್ರಿಯಿಡೀ ಬಿಡಿ. ತೇವ ಶೇ. 18ರ ಸುಮಾರಿಗೆ ಬಂದು ಕಾಳಿನೊಳಗೆಲ್ಲ ಸಮನಾಗಿ ಹರಡುತ್ತದೆ. ಮರುದಿನ ಚೆನ್ನಾಗಿ ಕಾದ ಮರಳಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಹುರಿಯಿರಿ. ಒಳಗಿನ ತೇವ ಆವಿಯಾಗಿ ಒತ್ತಿದಾಗ ಕಾಳು ಅರಳುತ್ತದೆ. ಕೂಡಲೇ ಜರಡಿ ಹಿಡಿದು ಮರಳನ್ನು ಬೇರ್ಪಡಿಸಿ, ಆರಿಸಿ, ಬೀಸಿ. ನಾಲ್ಕು ಪಾಲು ಈ ಹಿಟ್ಟಿಗೆ ಒಂದು ಪಾಲು ಹುರಿಗಡಲೆ ಹಿಟ್ಟು ಬೆರೆಸಿದರೆ ಸಸಾರಜನಕವೂ ಹೆಚ್ಚುತ್ತದೆ. ಬೆಲ್ಲ, ಹಾಲು, ಹಸಿ ಕಾಯಿತುರಿಯೊಡನೆ, ಇಲ್ಲವೇ ಉಪ್ಪು, ಮಜ್ಜಿಗೆಯೊಡನೆ ಬಳಸಬಹುದು. ಗಾಳಿಯಾಡದ ಡಬ್ಬಿಯಲ್ಲಿಟ್ಟು ತಿಂಗಳೊಳಗೆ ಮುಗಿಸಿರಿ.

ಮಾರಾಟದ ಮಾತು

ಜಪಾನಿನ ಓಯಿತಾ ಪ್ರಾಂತ್ಯದ ಓಯಾಮ ಎಂಬ ಗುಡ್ಡದೂರಿನ ರೈತರು 1961ರಲ್ಲಿ ಭತ್ತವೊಂದನ್ನೇ ನೆಚ್ಚದೆ ಪ್ಲಮ್ ಮತ್ತು ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಹಣ್ಣನ್ನು ಉಪ್ಪಿನಲ್ಲಿ ಊರಹಾಕಿ ತಾವೇ ಮಾರಿದರು. ಈ ಅನುಭವವನ್ನು ಆಧರಿಸಿ 1979ರಲ್ಲಿ ಆ ಪ್ರಾಂತ್ಯದ ಗವರ್ನರ್ ಮೊರಿಹಿಕೊ ಹಿರಾಮತ್ಸು ಅವರು 'ಒಂದು ಹಳ್ಳಿ, ಒಂದು ಉತ್ಪನ್ನ' ಚಳವಳಿಯನ್ನು ಆರಂಭಿಸಿದರು. ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿಯುವ ಪ್ರಯಾಣಿಕನಿಗೆ ಎಳನೀರಿನ ಪಕ್ಕದಲ್ಲಿಯೇ ಸ್ತ್ರೀಶಕ್ತಿ ಗುಂಪಿನ ಹುರಿಹಿಟ್ಟಿನ ಪೊಟ್ಟಣವೂ ಸಿಗುವಂತೆ ಮಾಡುವುದು ಅಸಾಧ್ಯವೇನಲ್ಲ. ಆದರೆ ಮನೆಯವರು ಉಣ್ಣದ ಪದಾರ್ಥವನ್ನು ಪೇಟೆಯವರಿಗೆ ಮಾರುವುದು ಬಹಳ ದಿನ ನಡೆಯುವುದಿಲ್ಲ. ಮೊದಲು ಹೊಲ, ನಂತರ ಮನೆ, ಆಮೇಲೆ ಮಾರುಕಟ್ಟೆ ಎಂಬ ಕ್ರಮವನ್ನು ಇಟ್ಟುಕೊಳ್ಳಬೇಕು.

ಬಿತ್ತನೆ ಬೀಜ ಮತ್ತು ಅಕ್ಕಡಿ ಸಾಲಿನ ಬಗ್ಗೆ ಹೆಚ್ಚಿನ ವಿವರ ಬೇಕಾದವರು ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಮುಂಗಾರಿಗೆ ಮುನ್ನವೇ ವಿಚಾರಿಸಬಹುದು.