ಸೆಳವಿನಲ್ಲಿ ಎರೆಯ ನಡಿಗೆ

ರಾಯದುರ್ಗದ ಕಡೆ ಗಾಳ ಹಾಕುವವರಿಗೆ ನಿಂತ ನೀರೇ ಹೆಚ್ಚು ಪರಿಚಿತ. ಹಗರಿ ನದಿ ವರ್ಷದ ಬಹುಪಾಲು ಬರೀ ಮರಳು. ನೀರೆಂದರೆ ಭೈರವಾನಿತಿಪ್ಪ ಅಣೆಕಟ್ಟಿನದು, ಇಲ್ಲವೇ ಕೆರೆಯದು. ಇದೇ ನದಿಗೆ ಮೇಲ್ಹರಿವಿನಲ್ಲಿ ಕಟ್ಟಿದ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂದರೆ ಈ ನದಿಯ ಸ್ವಭಾವ ತಿಳಿಯುತ್ತದೆ. ನಿಂತ ನೀರಿನಲ್ಲಿ ಮೀನು ಮೇವು ಹುಡುಕುತ್ತಾ ಅಲೆಯುತ್ತದೆ, ಹಾಗಾಗಿ ಬೆಂಡು ತೇಲಿಬಿಟ್ಟು ಕಾಯುವುದು ಅಲ್ಲಿಗೆ ಸರಿಯಾದ ಕ್ರಮವೇ. ಕಾವೇರಿಯಂಥ ನದಿಯ ಬಿರುಸು ನೀರಿನಲ್ಲಿ ಲೆಕ್ಕ ತಿರುಗುಮುರುಗು: ಮೀನು ಒಂದೆಡೆ ನಿಲ್ಲುತ್ತದೆ, ಮೇವೇ ಹರಿದು ಅದರ ಬಾಯಿಗೆ ಬರುತ್ತದೆ. ಅದಕ್ಕೇ ಮಹಶೀರ್ ಹಿಡಿಯಹೊರಟವರಿಗೆ ‘ಎರೆ ಓಡುತ್ತಿರಲಿ’ ಎಂದು ಹೇಳುವುದುಂಟು. ಆ ಮಾತು ಅರ್ಧ ಸರಿ. ಎರೆ ಎಷ್ಟು ಬೇಗ ಓಡಬೇಕು ಎಂಬುದೇ ಉಳಿದರ್ಧ, ಬಹಳ ಜನ ಸೋಲುವುದೂ ಅಲ್ಲೇ.

ನದಿಯ ನೀರೆಲ್ಲ ಒಂದೇ ವೇಗದಲ್ಲಿ ಹರಿಯುವುದಿಲ್ಲ. ಮೇಲ್ಪದರ ಓಡುತ್ತದೆ, ಕಲ್ಲು ಮರಳಿಗೆ ಉಜ್ಜಿಕೊಂಡು ಸಾಗುವ ತಳದ ನೀರು ನಿಧಾನ, ಬಂಡೆಯ ಬೆನ್ನಿಗಂತೂ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಮಹಶೀರ್, ನಮ್ಮ ಹೊಳೆಗಳ ಗೆಂಡೆ, ಯುರೋಪಿನ ಬಾರ್ಬೆಲ್ ಎಲ್ಲ ಒಂದೇ ಬಳಗದ ಮೀನುಗಳು. ಸೆಳವಿನ ತಳದಲ್ಲಿ ಬದುಕಲು ಬೇಕಾದ ಮೈಕಟ್ಟು ಮಹಶೀರಿಗಿದೆ: ಬಲವಾದ ಈಜುರೆಕ್ಕೆ, ಬಾಯಿಯ ಬಳಿ ರುಚಿ ಹಿಡಿಯುವ ಎರಡು ಜೊತೆ ಮೀಸೆ, ಏಡಿ ಮತ್ತು ಬಸವನಹುಳುವಿನ ಚಿಪ್ಪನ್ನು ಗಂಟಲಲ್ಲೇ ಪುಡಿಮಾಡುವ ಹಲ್ಲು. ಬಂಡೆಯ ಮರೆಯಲ್ಲಿ ನಿಂತ ಮೀನಿಗೆ ನಿಜವಾದ ಮೇವು ತಳದ ನೀರಿನ ವೇಗದಲ್ಲೇ ಉರುಳಿಕೊಂಡು ಬರುತ್ತದೆ. ಅದಕ್ಕಿಂತ ಬೇಗ ಬಂದದ್ದು ಒಂದೋ ತಲೆಯ ಮೇಲೆ ಹಾದುಹೋಗುತ್ತದೆ, ಇಲ್ಲವೇ ಅನುಮಾನ ಹುಟ್ಟಿಸುತ್ತದೆ.

ಎರೆಯನ್ನು ಬೇಗ ಓಡಿಸುವುದು ನೀರಿಗಿಂತ ಹೆಚ್ಚಾಗಿ ತಂಗೂಸಿ, ಅಂದರೆ ಗಾಳದ ದಾರ. ಎರೆ ತಳದಲ್ಲಿದ್ದರೂ ದಾರದ ಬಹುಪಾಲು ಮೇಲಿನ ಬಿರುಸು ನೀರಿನಲ್ಲಿರುತ್ತದೆ. ಅಲ್ಲಿ ದಾರಕ್ಕೆ ಹೊಟ್ಟೆ ಬಂದು, ಅದು ಎರೆಯನ್ನು ಅಡ್ಡಡ್ಡ ಎಳೆದು ಮೇಲಕ್ಕೆತ್ತುತ್ತದೆ. ಆದ್ದರಿಂದ ಕೈಚಳಕವೆಲ್ಲ ದಾರ ನಿಭಾಯಿಸುವುದರಲ್ಲೇ ಇದೆ. ಕಡ್ಡಿಯನ್ನು ಎತ್ತಿ ಹಿಡಿದು ಆದಷ್ಟು ದಾರ ನೀರಿಗೆ ತಾಗದಂತೆ ನೋಡಿಕೊಳ್ಳಬೇಕು; ತುಸು ಮೇಲ್ಹರಿವಿಗೆ ಎಸೆದು, ಎರೆ ತಳ ಮುಟ್ಟಿದ ಮೇಲೆ ಅದರ ಜೊತೆಗೇ ಕಡ್ಡಿಯನ್ನು ತಿರುಗಿಸುತ್ತಾ ಬರಬೇಕು. ಸೀಸವನ್ನು ಚೂರುಚೂರೇ ಕೂಡಿಸಬೇಕು, ಎರೆ ಒಮ್ಮೆ ತಡೆದು ಮತ್ತೆ ಉರುಳುವಷ್ಟು ಮಾತ್ರ. ಪರೀಕ್ಷೆ ಸುಲಭ: ಮೇಲೆ ತೇಲುವ ನೊರೆಯ ಜೊತೆಗೇ ನಿಮ್ಮ ದಾರವೂ ಸಾಗುತ್ತಿದ್ದರೆ ಎರೆ ತಳದಲ್ಲಿಲ್ಲ. ನೊರೆ ಮುಂದೆ ಹೋಗಿ ದಾರ ಹಿಂದುಳಿಯಬೇಕು. ಬೆರಳಿಗೆ ಆನಿಸಿಕೊಂಡ ದಾರದಲ್ಲಿ ಕಲ್ಲು ತಾಗಿದ್ದು ಟಕಟಕ ಎಂದು ತಿಳಿಯುತ್ತದೆ. ಆ ಟಕಟಕ ಒಮ್ಮೆಲೇ ನಿಂತರೆ, ಅಥವಾ ದಾರ ಸಡಿಲಾದರೆ, ಮೀನು ಎರೆ ಎತ್ತಿದೆ ಎಂದೇ ತಿಳಿಯಬೇಕು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಕಾವೇರಿ ದಂಡೆಯ ಗಾಳದ ಶಿಬಿರಗಳಾಗಿದ್ದ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಭಾರಿ ಮಹಶೀರ್‌ಗಳನ್ನು ಹಿಡಿದದ್ದು ರಾಗಿ ಉಂಡೆಯಲ್ಲಿ, ಅದೂ ಬಂಡೆಗಳ ನಡುವೆ ಸಿಕ್ಕಿಸಿ ನಿಲ್ಲಿಸಿದ ಉಂಡೆಯಲ್ಲಿ. ರಾಗಿಹಿಟ್ಟು ಕಲಸಿ, ವಾಸನೆಗೆ ಏನಾದರೂ ಬೆರೆಸಿ, ರಬ್ಬರಿನಂತಾಗುವವರೆಗೆ ಬೇಯಿಸಿದ ಆ ಉಂಡೆ ಎಂಥ ಸೆಳವಿಗೂ ಕರಗುತ್ತಿರಲಿಲ್ಲ. ದಾರಕ್ಕೆ ಸೀಸದ ಪಟ್ಟಿ ಸುತ್ತುತ್ತಿದ್ದರು. ಹಾಗಾದರೆ ಎರೆ ಚಲಿಸಬೇಕಾದ ಅಗತ್ಯವೇನು? ನನ್ನ ಉತ್ತರ: ಅಲ್ಲಿನ ಮೀನಿಗೆ ವರ್ಷಗಟ್ಟಲೆ ರಾಗಿಯ ರುಚಿ ಹತ್ತಿಸಲಾಗಿತ್ತು. ಊಟದ ಜಾಗವೂ ಗೊತ್ತು, ಊಟವೂ ಗೊತ್ತು. ಹಾಗೆ ಪಳಗದ ನೀರಿನಲ್ಲಿ ನಿಂತ ಉಂಡೆಯ ಮುಂದೆ ಕೂರುವುದು ಅದೃಷ್ಟವನ್ನು ನಂಬಿ ಕೂತಂತೆ. ಅಲ್ಲದೆ ನಿಂತ ಉಂಡೆಯೂ ತಳದಲ್ಲೇ ಇತ್ತು ಎಂಬುದನ್ನು ಮರೆಯಬಾರದು. ಅತಿವೇಗಕ್ಕಿಂತ ನಿಶ್ಚಲತೆ ವಾಸಿ ಎಂದಷ್ಟೇ ಅದು ಸಾಧಿಸುತ್ತದೆ.

ಇನ್ನು ಎರೆಯಾಗಿ ಬಳಸುವ ಲೋಹದ ಚಮಚ, ತಿರುಗುವ ಸತ್ತ ಮೀನು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ 1873ರ ‘ದಿ ರಾಡ್ ಇನ್ ಇಂಡಿಯಾ’ದಲ್ಲೇ ಇಂಥ ಎರೆಗಳ ಬಗ್ಗೆ ಬರೆದ. ಇವು ನೀರಿನ ವೇಗ ಮೀರಿ ಓಡುತ್ತವೆ, ಮಹಶೀರ್ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ, ನಿಜ. ಅದು ಓಡುವ ಬೇಟೆಯ ಮೇಲಿನ ದಾಳಿ; ಉರುಳಿಬರುವ ಮೇವನ್ನು ತಿನ್ನುವ ಬಗೆ ಬೇರೆ.

ಈಗ ಇದೆಲ್ಲ ಯಾಕೆ ಎಂದು ಕೇಳಬಹುದು. ಭೀಮೇಶ್ವರಿ, ಗಾಳಿಬೋರೆಗಳಿರುವ ಕಾವೇರಿ ವನ್ಯಜೀವಿ ಧಾಮದಲ್ಲಿ ಗಾಳ ಹಾಕುವಂತಿಲ್ಲ. ಆದರೆ ಈ ಮೀನಿನ ಬಗ್ಗೆ ನಮಗೆ ತಿಳಿದದ್ದರಲ್ಲಿ ಬಹಳಷ್ಟು ಗಾಳದಿಂದಲೇ ಬಂದದ್ದು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕ ಬರೆದಿಟ್ಟಿದ್ದರು, ಅದರಲ್ಲಿ 46 ಕಿಲೋ ದಾಟಿದ ಮೀನೂ ಉಂಟು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕುಸಿಯುತ್ತಿದೆ, ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯದು ಹೆಚ್ಚುತ್ತಿದೆ ಎಂದು ವಿಜ್ಞಾನಿಗಳು 2015ರಲ್ಲಿ ಬರೆದದ್ದು ಆ ಲೆಕ್ಕದ ಪುಸ್ತಕಗಳ ಆಧಾರದಿಂದಲೇ. ಗೂನುಬೆನ್ನಿನದು ಟಾರ್ ರೆಮಾದೇವಿ ಎಂದು ಗುರುತಾದದ್ದು 2018ರಲ್ಲಿ. ಅದು ಈಗ ಅಳಿವಿನ ಅಂಚಿನಲ್ಲಿದೆ. ಅಂಥ ಮೀನಿನ ಮುಂದೆ ಗಾಳ ಬೇಡ ಎಂಬ ಕಾನೂನನ್ನು ಒಪ್ಪುತ್ತೇನೆ. ಗಾಳದ ಜೊತೆಗೇ ಲೆಕ್ಕದ ಪುಸ್ತಕವನ್ನೂ ಮುಚ್ಚಿದ್ದು ಮಾತ್ರ ಸರಿಯಲ್ಲ.