ಮೊಟ್ಟೆಚಿಪ್ಪಿನ ಒಳಪೊರೆಯಲ್ಲಿರುವ ಕೊಲಾಜನ್

ಕೋಳಿಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ಸಿದ್ಧವಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಅದರಲ್ಲಿ 20 ಗಂಟೆಯಷ್ಟು ಕಾಲ ಹೋಗುವುದು ಗಟ್ಟಿ ಚಿಪ್ಪು ಕಟ್ಟುವುದಕ್ಕೇ. ಅದಕ್ಕೂ ಮೊದಲು, ಅಂಡನಾಳದ ಕಿರಿದಾದ ಭಾಗವೊಂದನ್ನು ದಾಟುವ ಒಂದೂಕಾಲು ಗಂಟೆಯಲ್ಲಿ, ಲೋಳೆಯ ಸುತ್ತ ಎರಡು ಪದರದ ಪೊರೆ ಹೆಣೆದುಕೊಳ್ಳುತ್ತದೆ. ಬೇಯಿಸಿದ ಮೊಟ್ಟೆ ಸುಲಿಯುವಾಗ ಬೆರಳಿಗೆ ಅಂಟುತ್ತದಲ್ಲ, ಅದೇ. ಎರಡೂ ಪದರ ಸೇರಿದರೂ ದಪ್ಪ ಸುಮಾರು 0.1 ಮಿಲಿಮೀಟರ್. ಮೊಟ್ಟೆಯ ಅಗಲ ತುದಿಯಲ್ಲಿ ಇವು ಬೇರ್ಪಟ್ಟು ಗಾಳಿಗೂಡಾಗುತ್ತದೆ. ಒಳಗಿನ ಮರಿ ಮೊದಲ ಉಸಿರೆಳೆಯುವುದು ಅಲ್ಲಿಂದ.

ಸೂಕ್ಷ್ಮದರ್ಶಕದಲ್ಲಿ ಈ ಪೊರೆ ನಾರುಗಳ ಒತ್ತಾದ ಬಲೆಯಾಗಿ ಕಾಣುತ್ತದೆ. ಅದರಲ್ಲಿ ಹತ್ತನೇ ಒಂದು ಪಾಲಿನಷ್ಟು ಕೊಲಾಜನ್ ಇದೆ. ನಮ್ಮ ಚರ್ಮ, ಮೂಳೆ, ಕೀಲುಗಳನ್ನು ಬಿಗಿಯಾಗಿ ಹಿಡಿದಿರುವ ಪ್ರೋಟೀನ್ ಕೂಡ ಇದೇ. ಮೂರು ಎಳೆಗಳನ್ನು ಹುರಿಗೊಳಿಸಿದ ಹಗ್ಗದಂತೆ ಇದರ ರಚನೆ. ಪ್ರತಿ ಎಳೆಯಲ್ಲೂ ಸುಮಾರು ಸಾವಿರ ಅಮೈನೊ ಆಮ್ಲಗಳು, ಪ್ರತಿ ಮೂರನೆಯದು ಗ್ಲೈಸಿನ್. ಮೊಟ್ಟೆಯ ಪೊರೆಯಲ್ಲಿ ಇದರ ಒಂದನೆಯ, ಐದನೆಯ ಮತ್ತು ಹತ್ತನೆಯ ಬಗೆಗಳಿವೆ. ಚಿಪ್ಪಿನ ಸುಣ್ಣ ಒಳಮುಖವಾಗಿ ಬೆಳೆಯದಂತೆ ತಡೆಯುವುದು ಹತ್ತನೆಯ ಬಗೆಯ ಕೆಲಸ ಎಂದು ಪ್ರಯೋಗಗಳು ಸೂಚಿಸಿವೆ.

ಔಷಧ ಮತ್ತು ಸೌಂದರ್ಯವರ್ಧಕಗಳಿಗೆ ಬೇಕಾದ ಕೊಲಾಜನ್ ಬಹುಪಾಲು ಬರುವುದು ದನ ಮತ್ತು ಹಂದಿಯ ಚರ್ಮದಿಂದ. 1986ರಲ್ಲಿ ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗ ಪತ್ತೆಯಾದ ಮೇಲೆ ದನದ ಮೂಲದ ಬಗ್ಗೆ ಅಳುಕು ಹುಟ್ಟಿತು. ಧಾರ್ಮಿಕ ಕಾರಣಕ್ಕೆ ಈ ಎರಡನ್ನೂ ಒಲ್ಲದವರೂ ಇದ್ದಾರೆ. ಹಾಗಾಗಿ ತಿಪ್ಪೆಗೆ ಹೋಗುತ್ತಿದ್ದ ಚಿಪ್ಪಿನತ್ತ ವಿಜ್ಞಾನಿಗಳು ತಿರುಗಿದರು.

ಆದರೆ ಪೊರೆ ಸುಲಭಕ್ಕೆ ಬಗ್ಗುವುದಿಲ್ಲ. ಅದರ ನಾರುಗಳನ್ನು ಒಂದಕ್ಕೊಂದು ಹೊಲಿಯುವ ಕಿಣ್ವವೊಂದಿದೆ, ಅದು ಕೆಲಸ ಮಾಡಲು ತಾಮ್ರ ಬೇಕು. ಮೇವಿನಲ್ಲಿ ತಾಮ್ರ ತೀರಾ ಕಡಿಮೆಯಾದ ಕೋಳಿಗಳಲ್ಲಿ ಪೊರೆ ಸರಿಯಾಗಿ ಕಟ್ಟದೆ ಮೊಟ್ಟೆಯ ಆಕಾರವೇ ಕೆಡುತ್ತದೆ. ಆ ಹೊಲಿಗೆಗಳ ಜೊತೆಗೆ ಗಂಧಕದ ಬೆಸುಗೆಗಳೂ ಇವೆ. ನೀರಿನಲ್ಲಿ ಎಷ್ಟು ಕುದಿಸಿದರೂ ಪೊರೆ ಕರಗದಿರುವುದು ಇದರಿಂದಲೇ.

ಮೊದಲ ಕೆಲಸ ಪೊರೆಯನ್ನು ಚಿಪ್ಪಿನಿಂದ ಬಿಡಿಸುವುದು. ಪ್ರಯೋಗಾಲಯದಲ್ಲಿ ಆಮ್ಲದಿಂದ ಸುಣ್ಣವನ್ನು ಕರಗಿಸಿಬಿಡುತ್ತಾರೆ. ಕಾರ್ಖಾನೆಗೆ ಆ ಖರ್ಚು ಗಿಟ್ಟುವುದಿಲ್ಲ. ಅಲ್ಲಿ ಚಿಪ್ಪನ್ನು ಪುಡಿಮಾಡಿ ನೀರಿನಲ್ಲಿ ಕಲಕುತ್ತಾರೆ: ಭಾರದ ಸುಣ್ಣ ತಳಕ್ಕಿಳಿಯುತ್ತದೆ, ಹಗುರವಾದ ಪೊರೆ ಮೇಲುಳಿಯುತ್ತದೆ. ಮುಂದಿನದು ತಾಳ್ಮೆಯ ಕೆಲಸ. ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನು ತೆಳುವಾಗಿ ಬೆರೆಸಿದ ನೀರಿನಲ್ಲಿ ಪೊರೆಯನ್ನು ನೆನೆಹಾಕಿ, ನಮ್ಮ ಜಠರದಲ್ಲಿರುವ ಪೆಪ್ಸಿನ್ ಕಿಣ್ವವನ್ನೇ ಸೇರಿಸುತ್ತಾರೆ. ಹುರಿಯ ನಡುಭಾಗವನ್ನು ಪೆಪ್ಸಿನ್ ಮುಟ್ಟಲಾರದು. ಹೊಲಿಗೆಗಳಿರುವ ತುದಿಗಳನ್ನಷ್ಟೇ ಕತ್ತರಿಸುತ್ತದೆ. ಆಗ ಕೊಲಾಜನ್ ಒಂದಷ್ಟು ಬಿಡಿಯಾಗಿ ದ್ರವಕ್ಕೆ ಬರುತ್ತದೆ. ಇದೆಲ್ಲ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪಿನಲ್ಲೇ ನಡೆಯಬೇಕು. 40 ಡಿಗ್ರಿಯ ಹತ್ತಿರ ಹೋದರೆ ಹುರಿ ಬಿಚ್ಚಿ, ಕೈಗೆ ಸಿಗುವುದು ಬರೀ ಜೆಲಟಿನ್. ಕೊನೆಗೆ ಉಪ್ಪು ಹಾಕಿದರೆ ಕೊಲಾಜನ್ ಒಡೆದ ಹಾಲಿನಂತೆ ಬೇರಾಗಿ ಕೂರುತ್ತದೆ. ಅದನ್ನು ಶುದ್ಧಮಾಡಿ, ಹೆಪ್ಪುಗಟ್ಟಿಸಿ ಒಣಗಿಸುತ್ತಾರೆ.

ಇನ್ನು ಲೆಕ್ಕ. 2023-24ರಲ್ಲಿ ಭಾರತದಲ್ಲಿ ಸುಮಾರು 14,277 ಕೋಟಿ ಮೊಟ್ಟೆಗಳ ಉತ್ಪಾದನೆಯಾಯಿತು. ಒಂದಕ್ಕೆ ಐದು ಗ್ರಾಂ ಚಿಪ್ಪೆಂದರೂ ಏಳು ಲಕ್ಷ ಟನ್. ಕೇಳಲು ದೊಡ್ಡದು. ಆದರೆ ಅದರ ಹೆಚ್ಚಿನ ಪಾಲು ಮನೆಮನೆಯ ಕಸದ ಬುಟ್ಟಿಯಲ್ಲಿ ಚದುರಿಹೋಗುತ್ತದೆ. ಒಂದೆಡೆ ಸಿಗುವುದು ಹ್ಯಾಚರಿಗಳಲ್ಲಿ, ಈರೋಡಿನಂಥ ಕಡೆ ಇರುವ ಮೊಟ್ಟೆಪುಡಿ ಕಾರ್ಖಾನೆಗಳಲ್ಲಿ. ಒಂದು ಟನ್ ಚಿಪ್ಪಿಗೆ ಒಣ ಪೊರೆ ಅಂದಾಜು 20ರಿಂದ 30 ಕಿಲೋ; ಅದರಲ್ಲಿ ಕೊಲಾಜನ್ ಹೆಚ್ಚೆಂದರೆ ಎರಡು-ಮೂರು ಕಿಲೋ. ಶುದ್ಧ ಕೊಲಾಜನ್ ಒಂದನ್ನೇ ನಂಬಿ ಕಾರ್ಖಾನೆ ಹಾಕುವುದು ಜಾಣತನವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸುಣ್ಣ ಮೇವಿಗೂ ಹೊಲಕ್ಕೂ ಹೋಗಬೇಕು, ಪೊರೆಯಿಡೀ ಬಳಕೆಯಾಗಬೇಕು, ಗಾಯದ ಪಟ್ಟಿಯಂಥ ಬೆಲೆಬಾಳುವ ಕೆಲಸಕ್ಕೆ ಮಾತ್ರ ಕೊಲಾಜನ್ ಬೇರ್ಪಡಿಸಬೇಕು. ಚಿಪ್ಪು ಹಸಿಯಾಗಿರುವಾಗಲೇ, ಕೊಳೆಯುವ ಮೊದಲೇ, ಅಲ್ಲೇ ಪೊರೆ ಬಿಡಿಸುವ ಯಂತ್ರವನ್ನು ಇಂಥ ಘಟಕಗಳಲ್ಲಿ ಕೂರಿಸಲು ನೆರವು ಸಿಗಬೇಕು.

ಕಿಣ್ವಗಳಿಂದ ಒಡೆದ ಪೊರೆಯ ಪುಡಿ ಈಗಾಗಲೇ ಮಂಡಿನೋವಿಗೆಂದು ಮಾರಾಟದಲ್ಲಿದೆ. ದಿನಕ್ಕೆ 450 ಮಿಲಿಗ್ರಾಂ ಪ್ರಮಾಣವನ್ನು ಸುರಕ್ಷಿತವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ. ಸುರಕ್ಷಿತ ಎಂದರೆ ನೋವು ಗುಣವಾಗುತ್ತದೆ ಎಂದಲ್ಲ. ನುಂಗಿದ ಕೊಲಾಜನ್ ನೇರವಾಗಿ ಮಂಡಿಗೆ ಹೋಗಿ ಸೇರುವುದಿಲ್ಲ, ಜೀರ್ಣವಾಗಿ ಸಣ್ಣ ತುಣುಕುಗಳಾಗುತ್ತದೆ. ಮೊಟ್ಟೆಯ ಅಲರ್ಜಿ ಇರುವವರಂತೂ ಕೊಲಾಜನ್ ಡಬ್ಬಿ ಕೊಳ್ಳುವ ಮುನ್ನ ಅದು ಯಾವುದರಿಂದ ತಯಾರಾಗಿದೆ ಎಂಬ ಸಾಲನ್ನು ಓದಿ, ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.